ಚಾಪ್ಲಿನ್ ಹುಟ್ಟಿದ ಮನೆ ಯಾವುದು?

ಅಜ್ಜ ಹುಟ್ಟಿದ್ದು ಯಾವ ಮನೆಯಲ್ಲಿ ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿಗೆ ಸರಿಯಾಗಿ ಹೇಳಲು ಬರುತ್ತದೆ? ಆ ಮನೆ ಬಿದ್ದು ಹೋಗಿರುತ್ತದೆ. ಬಾಡಿಗೆ ಮನೆಯಾಗಿದ್ದರಂತೂ ಗುರುತೇ ಇರುವುದಿಲ್ಲ. ಬಡವರ ಕತೆ ಎಲ್ಲ ಕಡೆಯೂ ಹೀಗೆಯೇ. ಲೋಕವನ್ನೇ ನಗಿಸಿದ ಚಾರ್ಲಿ ಚಾಪ್ಲಿನ್‌ನ ಕತೆಯೂ ಇದೇ ಎಂದರೆ ನಂಬಲಿಕ್ಕೆ ಕಷ್ಟ.

ಲಂಡನ್ ನಗರದಲ್ಲಿ ಥೇಮ್ಸ್ ನದಿ ದಾಟಿ ದಕ್ಷಿಣಕ್ಕೆ ಹೋದರೆ ಲ್ಯಾಂಬೆತ್, ಕೆನ್ನಿಂಗ್ಟನ್, ವಾಲ್ವರ್ತ್ ಎಂಬ ಹಳೇ ಕೇರಿಗಳುಂಟು. ಆಗಿನ ಕಾಲಕ್ಕೆ ಅದು ಕೂಲಿಗಳ, ಗಾಡಿಯವರ, ಸಣ್ಣಪುಟ್ಟ ವ್ಯಾಪಾರಿಗಳ, ನಾಟಕದವರ ಜಾಗ. ಚಾರ್ಲಿ ಹುಟ್ಟಿದ್ದು 1889ರ ಏಪ್ರಿಲ್ 16ರಂದು, ವಾಲ್ವರ್ತ್‌ನ ಈಸ್ಟ್ ಸ್ಟ್ರೀಟ್‌ನಲ್ಲಿ ಎಂದು ಅವನೇ ನಂಬಿದ್ದ. ಅಪ್ಪ, ಅಮ್ಮ ಇಬ್ಬರೂ ಮ್ಯೂಸಿಕ್ ಹಾಲ್‌ಗಳಲ್ಲಿ ಹಾಡುವವರು. ಅಮ್ಮ ಹನ್ನಾಳ ತಂದೆ ಚಪ್ಪಲಿ ಹೊಲಿಯುವವನು. ಅಜ್ಜಿಯ ಕಡೆಯಿಂದ ಜಿಪ್ಸಿಗಳ, ಅಂದರೆ ಅಲೆಮಾರಿಗಳ ರಕ್ತ ತನ್ನಲ್ಲಿದೆ ಎಂಬುದು ಚಾರ್ಲಿಗೆ ದೊಡ್ಡ ಹೆಮ್ಮೆ.

ಮಗು ಇನ್ನೂ ಚಿಕ್ಕದಿರುವಾಗಲೇ ಅಪ್ಪ ಮನೆ ಬಿಟ್ಟ. ಕುಡಿತ ಅವನನ್ನು ತಿಂದು ಹಾಕಿತು. 1901ರಲ್ಲಿ, 38ನೇ ವಯಸ್ಸಿನಲ್ಲಿ ತೀರಿಕೊಂಡ. ಇತ್ತ ಹನ್ನಾಳ ಸ್ವರ ಕೆಟ್ಟಿತು, ಹಾಡುವ ಕೆಲಸ ಹೋಯಿತು. ಹೊಲಿಗೆ ಮಾಡಿ ಚಾರ್ಲಿಯನ್ನೂ ಅವನ ಅಣ್ಣ ಸಿಡ್ನಿಯನ್ನೂ ಸಾಕಲು ನೋಡಿದಳು. ಆಗಲಿಲ್ಲ. 1896ರಲ್ಲಿ ಮೂವರೂ ವರ್ಕ್‌ಹೌಸ್ ಸೇರಿದರು. ವರ್ಕ್‌ಹೌಸ್ ಅಂದರೆ ಗತಿಯಿಲ್ಲದ ಬಡವರನ್ನು ಇಡುತ್ತಿದ್ದ ಸಾರ್ವಜನಿಕ ಮನೆ. ಒಳಗೆ ಹೋದ ಕೂಡಲೇ ತಾಯಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಕೆಲವು ವಾರಗಳಲ್ಲೇ ಹುಡುಗರನ್ನು ಹ್ಯಾನ್‌ವೆಲ್ ಎಂಬಲ್ಲಿನ ಬಡಮಕ್ಕಳ ಶಾಲೆಗೆ ಸಾಗಿಸಿದರು. ಚಾರ್ಲಿಗೆ ಆಗ ಏಳು ವರ್ಷ.

1898ರಲ್ಲಿ ಮತ್ತೆ ವರ್ಕ್‌ಹೌಸ್, ಮತ್ತೆ ಅಗಲಿಕೆ. ಆ ವರ್ಷದ ಆಗಸ್ಟ್‌ನಲ್ಲಿ ಹನ್ನಾ ಒಂದು ಉಪಾಯ ಮಾಡಿದಳು. ಬಿಡುಗಡೆ ಬೇಕೆಂದು ಕೇಳಿ ಮಕ್ಕಳನ್ನು ಕರಕೊಂಡು ಹೊರಗೆ ಬಂದಳು. ಸಿಡ್ನಿಯ ಕೈಯಲ್ಲಿ ಒಂಬತ್ತು ಪೆನ್ನಿ ಇತ್ತು. ಅದರಲ್ಲಿ ಸ್ವಲ್ಪ ಚೆರ್ರಿ ಹಣ್ಣು ತೆಗೆದುಕೊಂಡು ಕೆನ್ನಿಂಗ್ಟನ್ ಪಾರ್ಕಿನಲ್ಲಿ ಕೂತು ತಿಂದರು. ಪೇಪರ್ ಮುದ್ದೆ ಮಾಡಿ ದಾರ ಸುತ್ತಿ ಚೆಂಡಾಟ ಆಡಿದರು. ಸಂಜೆ ಚಹಾದ ಹೊತ್ತಿಗೆ ಮೂವರೂ ಪುನಃ ವರ್ಕ್‌ಹೌಸಿನ ಬಾಗಿಲಿಗೆ ಬಂದು ನಿಂತರು. ಒಂದು ದಿನ ಒಟ್ಟಿಗೆ ಇರಬೇಕು, ಅಷ್ಟೇ ಆ ತಾಯಿಯ ಆಸೆ.

ಮುಪ್ಪಿನಲ್ಲಿ, 1964ರಲ್ಲಿ ಬಂದ ತನ್ನ ಆತ್ಮಕತೆಯಲ್ಲಿ ಚಾಪ್ಲಿನ್ ಈ ದಿನವನ್ನು ಬರೆದಿದ್ದಾನೆ. ಓದಿದವರಿಗೆ ಇದೆಲ್ಲ ಸಿನಿಮಾದವನ ಕಲ್ಪನೆ ಇರಬಹುದು ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಅವನ ಜೀವನಚರಿತ್ರೆ ಬರೆದವರು ಲ್ಯಾಂಬೆತ್‌ನ ಹಳೇ ರಿಜಿಸ್ಟರ್‌ಗಳನ್ನು ತೆರೆದಾಗ ಆ ದಿನದ ಬಿಡುಗಡೆಯೂ ಮರುಸೇರ್ಪಡೆಯೂ ಅಲ್ಲಿ ಬರೆದಿಟ್ಟಿತ್ತು. ಹುಡುಗನ ನೆನಪು ಸುಳ್ಳಾಗಿರಲಿಲ್ಲ.

ಅದೇ ವರ್ಷ ಹನ್ನಾಳನ್ನು ಕೇನ್ ಹಿಲ್ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಮೇಲೆ ಕೆಲವು ಸಮಯ ಮೆತ್ಲಿ ಸ್ಟ್ರೀಟ್‌ನಲ್ಲಿ, ಉಪ್ಪಿನಕಾಯಿ ಫ್ಯಾಕ್ಟರಿ ಮತ್ತು ಕಸಾಯಿಖಾನೆಯ ಹತ್ತಿರ ಬಿಡಾರ. ಅಲ್ಲಿ ಒಮ್ಮೆ ಒಂದು ಕುರಿ ತಪ್ಪಿಸಿಕೊಂಡು ಓಡಿತು. ಹಿಡಿಯಲು ಹೋದವರು ಬಿದ್ದು ಎದ್ದು ಓಡುವುದನ್ನು ನೋಡಿ ಚಾರ್ಲಿ ಹೊಟ್ಟೆತುಂಬ ನಕ್ಕ. ಕುರಿ ಸಿಕ್ಕಿಬಿದ್ದಾಗ ಅದನ್ನು ಕೊಲ್ಲುತ್ತಾರೆ ಎಂಬುದು ಹೊಳೆದು, ಅಳುತ್ತಾ ಅಮ್ಮನ ಹತ್ತಿರ ಓಡಿದ. ನಗುವಿನೊಳಗೇ ಅಳು ಇರುವ ಅವನ ಸಿನಿಮಾಗಳ ಬೇರು ಇಂಥ ಗಲ್ಲಿಗಳಲ್ಲೇ ಉಂಟು. 1903ರಲ್ಲಿ ಅಮ್ಮನ ಕಾಯಿಲೆ ಮರುಕಳಿಸಿತು. ಅಣ್ಣ ಹಡಗಿನ ಕೆಲಸಕ್ಕೆ ಹೋಗಿದ್ದ. 14 ವರ್ಷದ ಚಾರ್ಲಿ ಪೌನಾಲ್ ಟೆರೇಸ್‌ನ ಅಟ್ಟದ ಕೋಣೆಯಲ್ಲಿ ಒಬ್ಬನೇ ಉಳಿದ.

ಮುಂದಿನದ್ದು ಎಲ್ಲರಿಗೂ ಗೊತ್ತಿದ್ದದ್ದೇ. ನಾಟಕ ತಂಡ, 1910ರಲ್ಲಿ ಅಮೆರಿಕ ಪ್ರವಾಸ, 1914ರಲ್ಲಿ ಟೊಪ್ಪಿ, ಕೋಲು, ಸಡಿಲ ಪ್ಯಾಂಟಿನ ಆ ಅಲೆಮಾರಿ. 1921ರಲ್ಲಿ 'ದಿ ಕಿಡ್' ಬಂತು. ಆ ಸಿನಿಮಾದ ಬಡ ಅಟ್ಟದಲ್ಲಿ ಪೌನಾಲ್ ಟೆರೇಸ್‌ನ ನೆರಳು ಕಾಣುತ್ತದೆ. ಅದೇ ವರ್ಷ ಸಪ್ಟೆಂಬರ್‌ನಲ್ಲಿ ಚಾಪ್ಲಿನ್ ಲಂಡನ್‌ಗೆ ಬಂದಾಗ ಜನಸಾಗರ. ರಿಟ್ಜ್ ಎಂಬ ದೊಡ್ಡ ಹೋಟೆಲ್‌ನಲ್ಲಿ ವಾಸ. ಅವನು ಮಾಡಿದ್ದೇನು? ಯಾರಿಗೂ ಕಾಣದಂತೆ ಹಿಂಬಾಗಿಲಿನಿಂದ ಹೊರಬಿದ್ದು, ಟ್ಯಾಕ್ಸಿ ಹಿಡಿದು ಸೀದಾ ಕೆನ್ನಿಂಗ್ಟನ್‌ಗೆ ಹೋದ. ತಾನಿದ್ದ ಅಟ್ಟದಲ್ಲಿ ಈಗ ಒಬ್ಬ ಬಡ ಮುದುಕಿ ಇದ್ದಳು. ಕೇಳಿಕೊಂಡು ಒಳಗೆ ಹೋಗಿ ನೋಡಿ ಬಂದ. ಅಮ್ಮನನ್ನು ಆ ವರ್ಷವೇ ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡ. 1928ರಲ್ಲಿ ತೀರಿಹೋಗುವವರೆಗೆ ಆಕೆಗೆ ಯಾವ ಕೊರತೆಯೂ ಆಗಲಿಲ್ಲ.

1931ರಲ್ಲಿ ಹ್ಯಾನ್‌ವೆಲ್ ಶಾಲೆಗೂ ಹೋದ. ಮಕ್ಕಳ ಎದುರು ನಟಿಸಿ ನಗಿಸಿದ. ಇನ್ನೊಮ್ಮೆ ಬರುತ್ತೇನೆಂದು ಮಾತು ಕೊಟ್ಟ. ಆ ದಿನ ಉಡುಗೊರೆಗಳು ಬಂದವು, ಅವನು ಬರಲಿಲ್ಲ. ಹಳೇ ನೋವಿನ ಜಾಗಕ್ಕೆ ಒಮ್ಮೆ ಹೋಗಬಹುದು, ಎರಡನೇ ಸಲ ಕಾಲು ಏಳುವುದು ಸುಲಭ ಅಲ್ಲ ಅನಿಸುತ್ತದೆ.

ಇಷ್ಟೆಲ್ಲ ಆದರೂ ಅವನ ಜನನ ಪ್ರಮಾಣಪತ್ರ ಮಾತ್ರ ಸಿಗಲಿಲ್ಲ. 1952ರಲ್ಲಿ ಅಮೆರಿಕ ಅವನನ್ನು ಕಮ್ಯುನಿಸ್ಟ್ ಎಂದು ಸಂಶಯಪಟ್ಟಾಗ ಬ್ರಿಟನ್‌ನ ಗುಪ್ತಚರ ಸಂಸ್ಥೆಯೇ ಹುಡುಕಿತು, ಏನೂ ಸಿಗಲಿಲ್ಲ. ಚಾಪ್ಲಿನ್ 1977ರ ಡಿಸೆಂಬರ್ 25ರಂದು ಸ್ವಿಟ್ಜರ್‌ಲೆಂಡ್‌ನಲ್ಲಿ ತೀರಿಕೊಂಡ. 1991ರಲ್ಲಿ ಹೆಂಡತಿ ಊನಾ ಕೂಡ ಹೋದ ಮೇಲೆ, ಬೀಗ ಹಾಕಿದ ಒಂದು ಡ್ರಾಯರ್‌ನಲ್ಲಿ ಹಳೇ ಕಾಗದವೊಂದು ಸಿಕ್ಕಿತು. ನೀನು ಹುಟ್ಟಿದ್ದು ಲಂಡನ್‌ನಲ್ಲಲ್ಲ, ಬರ್ಮಿಂಗ್‌ಹ್ಯಾಮ್ ಹತ್ತಿರದ ಬ್ಲ್ಯಾಕ್ ಪ್ಯಾಚ್‌ನಲ್ಲಿ, ಜಿಪ್ಸಿಗಳ ಗಾಡಿಯಲ್ಲಿ ಎಂಬುದು ಅದರ ಸಾರ. ನಿಜವೋ ಸುಳ್ಳೋ, ಚಾಪ್ಲಿನ್ ಅದನ್ನು ಹರಿದು ಎಸೆಯಲಿಲ್ಲ, ಜೋಪಾನವಾಗಿ ಇಟ್ಟುಕೊಂಡಿದ್ದ.

ಹುಟ್ಟಿದ್ದನ್ನು ಯಾವ ಕಚೇರಿಯೂ ಬರೆದಿಟ್ಟುಕೊಳ್ಳಲಿಲ್ಲ, ಹಸಿದದ್ದನ್ನು ಮಾತ್ರ ವರ್ಕ್‌ಹೌಸ್ ತಾರೀಕು ಸಮೇತ ಬರೆದಿಟ್ಟಿತು. ಪೌನಾಲ್ ಟೆರೇಸ್‌ನ ಆ ಮನೆ ಈಗ ಇಲ್ಲ. ಈಸ್ಟ್ ಸ್ಟ್ರೀಟ್‌ನ ಸಂತೆ ಇನ್ನೂ ನಡೆಯುತ್ತದೆ. ಅಮ್ಮ, ಮಕ್ಕಳು ಚೆರ್ರಿ ತಿಂದ ಪಾರ್ಕೂ ಇದೆ. ನಮ್ಮ ಮನೆಗಳಲ್ಲೂ ಹಳೇ ಪೆಟ್ಟಿಗೆಯ ತಳದಲ್ಲಿ ಒಂದು ರೇಷನ್ ಕಾರ್ಡ್, ಒಂದು ಬಾಡಿಗೆ ಚೀಟಿ ಇದ್ದೀತು. ಬಿಸಾಡುವ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಒಮ್ಮೆ ಕೇಳಿ ನೋಡಿ.