ಆಚಾರ್ಯ ಜಗದೀಶಚಂದ್ರ ಬೋಸರು

ಆಚಾರ್ಯ ಜಗದೀಶಚಂದ್ರ ಬೋಸರು 1858ನೆಯ ಇಸವಿಯಲ್ಲಿ ವಂಗದೇಶದಲ್ಲಿ ಜನಿಸಿ, ಕೇಂಬ್ರಿಜ್ಜಿನಲ್ಲಿ ವ್ಯಾಸಂಗಮಾಡಿ, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಉಪಾಧ್ಯಾಯರಾದರು. ಯೂರೋಪಿಯನ್ನರಿಗಿಂತ ಕಡಿಮೆಯಾದ ವೇತನವನ್ನು ಗೊತ್ತುಮಾಡಿದುದರಿಂದ, ಮೂರು ವರ್ಷ ಅದನ್ನು ಮುಟ್ಟದೆಯೇ ಪಾಠ ಹೇಳಿದರು. ತಿಂಗಳ ಕೊನೆಯ ಚಿಂತೆಯನ್ನು ಬಲ್ಲ ಉಪಾಧ್ಯಾಯಿನಿಯರಾದ ನಮಗೆ ಇದು ಅಲ್ಪವೆಂದು ತೋರದು. ಕಡೆಗೆ ಪೂರ್ಣವೇತನವು ಬಾಕಿಸಹಿತ ಸಂದಿತು.

1894ರಿಂದ ಅವರು ವಿದ್ಯುತ್ತರಂಗಗಳಲ್ಲಿ ಮನಸ್ಸಿಟ್ಟರು. ಹರ್ಟ್ಸ್ ಪಂಡಿತರ ತರಂಗಗಳಿಗೆ ದೊಡ್ಡ ಕೊಠಡಿಯೇ ಬೇಕಾಗಿದ್ದಿತು. ಬೋಸರವು 5 ಮಿಲಿಮೀಟರಿನಷ್ಟು ಹ್ರಸ್ವವಾದ ಕಾರಣ ಉಪಕರಣವೆಲ್ಲವೂ ಮೇಜಿನ ಮೇಲೆ ಹಿಡಿಸಿತು. ತರಂಗವು ಅತ್ತಿತ್ತ ಚೆದರದಂತೆ ಲೋಹದ ಕೊಳವೆಯಿಂದ ಹೊರಡಿಸಿ, ಎದುರಿನಲ್ಲಿ ಲಾಳಿಕೆಯಂತಹ ಬಾಯಿಯುಳ್ಳ ಗ್ರಾಹಕದಿಂದ ಹಿಡಿಯುತ್ತಿದ್ದರು. ಪುಟಗಳ ನಡುವೆ ತವರದ ತೆಳುಹಾಳೆಗಳನ್ನಿಟ್ಟ ರೈಲ್ವೇ ವೇಳಾಪಟ್ಟಿಯ ಪುಸ್ತಕವೇ, ಒಂದು ದಿಕ್ಕಿನ ಕಂಪನವನ್ನು ಮಾತ್ರ ದಾಟಗೊಡಿಸುವ ಸೋಸಣಿಗೆಯಾಯಿತು! ಪ್ರಯೋಗಶಾಲೆಗೆ ಹಣ ಸಾಲದೆಂದು ಗೊಣಗುವ ನಾವು ಇದನ್ನು ಓದಿ ಕೊಂಚ ನಾಚಿದೆವು.

1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಭೆಗೆ ಇವುಗಳನ್ನು ತೋರಿಸಿದರು. ಬಳಿಕ ಅವರ ಲಕ್ಷ್ಯವು ಸಸ್ಯಗಳ ಕಡೆಗೆ ತಿರುಗಿತು. 1936ರಲ್ಲಿ ಅಮೆರಿಕದ ಸಂಶೋಧಕರು, ಟೊಳ್ಳು ಕೊಳವೆಯೊಳಗೆ ತರಂಗವನ್ನು ಸಾಗಿಸಿದ ವಾರ್ತೆಯನ್ನು ಹೊಸದೆಂಬಂತೆ ಪ್ರಕಟಿಸಿದರು. ಮರುವರ್ಷ ಬೋಸರು ದಿವಂಗತರಾದರು. ಯುದ್ಧಕಾಲದ ರೇಡಾರಿನಲ್ಲಿ ಅಂತಹ ಕೊಳವೆಯು ವೇವ್‌ಗೈಡೆಂದೂ, ಲಾಳಿಕೆಯು ಹಾರ್ನ್ ಆಂಟೆನಾವೆಂದೂ ಹೆಸರುಗೊಂಡು ದುಡಿದವು.