ರೇಡಿಯಮ್ ತಾಯಿ ಮೇರಿ ಕ್ಯೂರಿ

ನವೆಂಬರ್ ಕನ್ನಡಿಗರಿಗೆ ಹಬ್ಬದ ತಿಂಗಳು. ಇದೇ ತಿಂಗಳ ೭ರಂದು, ೧೮೬೭ರಲ್ಲಿ, ಪೋಲೆಂಡಿನ ವಾರ್ಸಾ ನಗರದ ಉಪಾಧ್ಯಾಯರೊಬ್ಬರ ಮನೆಯಲ್ಲಿ ಮೇರಿ ಕ್ಯೂರಿ ಜನಿಸಿದರು. ಪರರ ಆಳ್ವಿಕೆಗೆ ಸಿಕ್ಕಿದ್ದ ಆ ನಾಡಿನಲ್ಲಿ ತಾಯ್ನುಡಿಯ ಪಾಠಕ್ಕೇ ಅಡ್ಡಿಯಿತ್ತು. ಹೆಣ್ಣುಮಕ್ಕಳಿಗಂತೂ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತ್ತು. ಸಿರಿವಂತರ ಮಕ್ಕಳಿಗೆ ಪಾಠ ಹೇಳಿ, ಅಕ್ಕನ ಓದಿಗೆ ನೆರವಾಗಿ, ೧೮೯೧ರಲ್ಲಿ ತಾವೂ ಪ್ಯಾರಿಸ್ಸಿಗೆ ತೆರಳಿದರು. ೧೮೯೫ರಲ್ಲಿ ವಿಜ್ಞಾನಿ ಪಿಯರ್ ಕ್ಯೂರಿಯವರ ಕೈಹಿಡಿದರು.

೧೮೯೮ರಲ್ಲಿ ದಂಪತಿಗಳು ಎರಡು ಹೊಸ ಮೂಲಧಾತುಗಳನ್ನು ಕಂಡುಹಿಡಿದರು. ಒಂದಕ್ಕೆ ತಾಯ್ನಾಡಿನ ನೆನಪಿಗಾಗಿ ಪೊಲೋನಿಯಮ್ ಎಂದು ಹೆಸರಿಟ್ಟರು, ಇನ್ನೊಂದೇ ರೇಡಿಯಮ್. ಸೋರುವ ಮಾಡಿನ ಕೊಟ್ಟಿಗೆಯಲ್ಲಿ ಟನ್ನುಗಟ್ಟಲೆ ಅದಿರನ್ನು ಕುದಿಸಿ, ಕದಡಿ, ೧೯೦೨ರ ವೇಳೆಗೆ ಅವರು ಪಡೆದದ್ದು ಗ್ರಾಮಿನ ಹತ್ತನೆಯ ಒಂದು ಪಾಲು ರೇಡಿಯಮ್ ಲವಣ! ಕತ್ತಲೆಯಲ್ಲಿ ಅದು ಬೀರುತ್ತಿದ್ದ ಪ್ರಭೆಯನ್ನು ಕಂಡು ಸತಿಪತಿಗಳು ಹಿಗ್ಗುತ್ತಿದ್ದರು. ಆ ಧಾತುವು ಪಿಯರ್ ಅವರ ತೋಳನ್ನು ಸುಟ್ಟಿತು. ಚರ್ಮವನ್ನು ಸುಡುವುದು ಅರ್ಬುದ ರೋಗದ ಗಡ್ಡೆಯನ್ನೂ ಸುಡಬಹುದಲ್ಲವೆ? ಹೀಗೆ ರೇಡಿಯಮ್ ಆಸ್ಪತ್ರೆಗಳನ್ನು ಸೇರಿತು. ದಂಪತಿಗಳು ಪೇಟೆಂಟ್ ಪಡೆಯದೆ ತಮ್ಮ ವಿಧಾನವನ್ನು ಲೋಕಕ್ಕೆ ಧಾರೆಯೆರೆದರು.

೧೯೦೩ರಲ್ಲಿ ಭೌತಶಾಸ್ತ್ರದ, ೧೯೧೧ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಮೇರಿಯವರಿಗೆ ಸಂದವು. ನಡುವೆ ೧೯೦೬ರಲ್ಲಿ ಕುದುರೆಗಾಡಿಯ ಅಪಘಾತಕ್ಕೆ ಪತಿ ಬಲಿಯಾದರು. ಮೊದಲ ಮಹಾಯುದ್ಧದಲ್ಲಿ ಕ್ಷ-ಕಿರಣದ ಮೋಟಾರುಗಳನ್ನು ಸಜ್ಜುಗೊಳಿಸಿ ಆಕೆ ಗಾಯಾಳುಗಳಿಗೆ ನೆರವಾದರು. ದೀರ್ಘಕಾಲ ಕಿರಣಗಳಿಗೆ ಮೈಯೊಡ್ಡಿದ ಆ ಜೀವ, ರಕ್ತ ಉತ್ಪತ್ತಿಯಾಗದ ರೋಗದಿಂದ ೧೯೩೪ರ ಜುಲೈ ೪ರಂದು ನಂದಿತು.

ಆದರೆ ರೇಡಿಯಮ್ ನಂದಲಿಲ್ಲ. ಅದರ ಶಕ್ತಿ ಅರ್ಧಕ್ಕಿಳಿಯಲು ಸುಮಾರು ೧೬೦೦ ವರ್ಷ ಬೇಕು. ಆಕೆಯ ಟಿಪ್ಪಣಿ ಪುಸ್ತಕಗಳು ಇಂದಿಗೂ ಕಿರಣ ಸೂಸುತ್ತಿರುವುದರಿಂದ ಅವನ್ನು ಸೀಸದ ಪೆಟ್ಟಿಗೆಗಳಲ್ಲಿಟ್ಟಿದ್ದಾರೆ.

ಆಸ್ಪತ್ರೆಗಳ ಹಳೆಯ ಸಾಧನಗಳ ಕಥೆಯೂ ಇದೇ. ರೇಡಿಯಮ್ ಸೂಜಿ ಬಿರುಕುಬಿಟ್ಟರೆ ರೇಡಾನ್ ಅನಿಲ ಸೋರಿ, ಇಟ್ಟ ಪೆಟ್ಟಿಗೆಗೂ ಕೋಣೆಗೂ ಸೋಂಕು ಹತ್ತುತ್ತದೆ. ಕೋಬಾಲ್ಟಿನ ಬಲ ಐದು ವರ್ಷಕ್ಕೆ ಸುಮಾರು ಅರ್ಧವಾಗುತ್ತದೆ. ಚಿಕಿತ್ಸೆಗೆ ಸಾಲದೆ ಹೋದರೂ ಕೊಲ್ಲುವುದಕ್ಕೆ ಸಾಕು. ೧೯೮೭ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ, ಪಾಳುಬಿದ್ದ ಚಿಕಿತ್ಸಾಲಯದ ಯಂತ್ರದ ಸೀಸಿಯಮ್ ಗುಜರಿ ಅಂಗಡಿ ಸೇರಿತು. ಅದರ ನೀಲಿ ಪ್ರಭೆಗೆ ಮರುಳಾದ ಜನ ಪುಡಿಯನ್ನು ಮನೆಮನೆಗೆ ಹಂಚಿದರು. ನಾಲ್ವರು ಸತ್ತರು, ೨೪೯ ಮಂದಿಗೆ ಸೋಂಕು ತಗುಲಿತು. ಕೊಟ್ಟಿಗೆಯಲ್ಲಿ ಕ್ಯೂರಿ ದಂಪತಿಗಳನ್ನು ಹಿಗ್ಗಿಸಿದಂಥ ಬೆಳಕೇ ಅಲ್ಲಿ ಮೃತ್ಯುವಾಯಿತು.

ನಮ್ಮ ದೇಶದಲ್ಲಿ ೧೯೮೩ರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಿದೆ. ಬಳಸಿದ ಆಕರಗಳನ್ನು ಸಕ್ರಮವಾಗಿ ಹಿಂದಿರುಗಿಸುವುದು ಆಸ್ಪತ್ರೆಗಳ ಹೊಣೆ. ಬಾರಾಮತಿಯಂಥ ಊರಿನ ಗುಜರಿ ಅಂಗಡಿಯವರೂ ಹಳದಿ ಹಿನ್ನೆಲೆಯ ಮೂರೆಸಳಿನ ಗುರುತನ್ನು ಅರಿತಿರಬೇಕು. ಅದನ್ನು ಕಂಡರೆ ಮುಟ್ಟದೆ ದೂರ ಸರಿದು ಪೋಲೀಸರಿಗೆ ತಿಳಿಸಬೇಕು. ಮೇರಿ ಕ್ಯೂರಿ ಕೊಟ್ಟ ವರ ಶಾಪವಾಗದಂತೆ ಕಾಯುವುದೇ ಆ ಮಹಾತಾಯಿಗೆ ಸಲ್ಲಿಸುವ ನಿಜವಾದ ಗೌರವ.