ಕಾರ್ಲ್ ಫಾನ್ ಲಿಂಡೆ: ಗಾಳಿಯನ್ನು ದ್ರವವಾಗಿಸಿದ ಅಧ್ಯಾಪಕ

ನಲ್ಲೂರಿನಲ್ಲಿ ಒಂಬತ್ತನೆಯ ತರಗತಿಗೆ ಅಭ್ಯಾಸ ಪಾಠ ಮಾಡುವಾಗ, ಗಾಳಿ ಹೊಡೆದಂತೆ ಸೈಕಲ್ ಪಂಪು ಬಿಸಿಯಾಗುವುದನ್ನು ತೋರಿಸಿದೆ. ಗಾಳಿಯ ಒತ್ತಡವನ್ನು ಎರಡು ಹಂತಗಳಲ್ಲಿ 16 ಪಟ್ಟು ಮಾಡಬೇಕಾದರೆ ನಡುವೆ ಎಲ್ಲಿ ನಿಲ್ಲಬೇಕು ಎಂದು ಕೇಳಿದಾಗ ಮಕ್ಕಳು 8 ಎಂದರು. ನಾನೂ ಹಲಗೆಯ ಮೇಲೆ ಅದನ್ನೇ ಬರೆದೆ. ತಪ್ಪು ಗೊತ್ತಾದದ್ದು ಆ ಸಂಜೆ ಲಿಂಡೆಯವರ ಜೀವನ ಓದುವಾಗ.

ಲಿಂಡೆ 1842ರ ಜೂನ್ 11ರಂದು ಜರ್ಮನಿಯ ಬೆರ್ನ್‌ಡೋರ್ಫ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಪಾದ್ರಿ, ಮಗನೂ ಅದೇ ದಾರಿ ಹಿಡಿಯಲೆಂದು ಅವರ ಆಸೆ. ಮಗ ಜ್ಯೂರಿಕ್‌ನ ಪಾಲಿಟೆಕ್ನಿಕ್ ಸೇರಿ ಕ್ಲಾಸಿಯಸ್‌ರಂಥವರ ಬಳಿ ಕಲಿತರು. 1864ರಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯಲ್ಲಿ ಸೇರಿದ್ದಕ್ಕೆ ಅಲ್ಲಿಂದ ಹೊರಬೀಳಬೇಕಾಯಿತು. ಪದವಿಯಿಲ್ಲದೆ ಕಾರ್ಖಾನೆಗಳಲ್ಲಿ ದುಡಿದವರು 1868ರಲ್ಲಿ ಮ್ಯೂನಿಕ್‌ನ ಹೊಸ ತಾಂತ್ರಿಕ ವಿದ್ಯಾಲಯದಲ್ಲಿ ಅಧ್ಯಾಪಕರಾದರು! ವಿದ್ಯಾರ್ಥಿಗಳು ಯಂತ್ರ ನಡೆಸಿಯೇ ಕಲಿಯಲೆಂದು ಪ್ರಯೋಗಶಾಲೆ ಕಟ್ಟಿಸಿದರು. ಎಂಜಿನ್ನಿನ ರುಡಾಲ್ಫ್ ಡೀಸೆಲ್ ಅವರ ಶಿಷ್ಯರೇ. 1879ರಲ್ಲಿ ಕೆಲಸ ಬಿಟ್ಟು ಶೈತ್ಯಯಂತ್ರಗಳ ಕಂಪನಿ ತೆರೆದರು.

1895ರಲ್ಲಿ ಅವರು ಗಾಳಿಯನ್ನು ದ್ರವವಾಗಿಸಿದರು. ಒತ್ತಿದ ಗಾಳಿಯನ್ನು ಸಣ್ಣ ಕಿಂಡಿಯಿಂದ ಹೊರಬಿಟ್ಟರೆ ಅದು ತುಸು ತಣಿಯುತ್ತದೆ. ಹಾಗೆ ತಣಿದ ಗಾಳಿಯಿಂದ ಒಳಬರುವ ಗಾಳಿಯನ್ನೇ ತಣಿಸುತ್ತ ಹೋದರು. ಎಷ್ಟು ತಣಿಯುತ್ತದೆ ಎಂಬುದು ಎರಡು ಒತ್ತಡಗಳ ಅಂತರದ ಮೇಲಿದೆ. ಒತ್ತಲು ಬೇಕಾದ ಕೆಲಸವಾದರೋ ಅವುಗಳ ಅನುಪಾತದ ಮೇಲೆ. ಒಂದೇ ತೂಕದ ಗಾಳಿಯನ್ನು 1ರಿಂದ 4ಕ್ಕೆ ಒತ್ತಿದರೂ 50ರಿಂದ 200ಕ್ಕೆ ಒತ್ತಿದರೂ ಕೆಲಸ ಹೆಚ್ಚುಕಡಿಮೆ ಒಂದೇ. ಅಂತರ ಮಾತ್ರ ಮೊದಲನೆಯದರಲ್ಲಿ 3, ಎರಡನೆಯದರಲ್ಲಿ 150! ಅದಕ್ಕೇ ಲಿಂಡೆ ಗಾಳಿಯನ್ನು ಪೂರ್ತಿ ಇಳಿಯಬಿಡದೆ ಹೆಚ್ಚಿನ ಒತ್ತಡಗಳ ನಡುವೆಯೇ ಸುತ್ತಿಸಿದರು.

ನಾನು ಎಡವಿದ್ದು ಇಲ್ಲಿಯೇ. ಅಂತರ ನೋಡಿದೆ, ಅನುಪಾತ ನೋಡಲಿಲ್ಲ. 8ರಲ್ಲಿ ನಿಂತರೆ ಮೊದಲ ಹಂತಕ್ಕೆ 8 ಪಟ್ಟಿನ ಹೊರೆ, ಎರಡನೆಯದಕ್ಕೆ ಬರೀ 2. ಬದಲಿಗೆ 4ರಲ್ಲಿ ನಿಂತು, ಗಾಳಿಯನ್ನು ಮೊದಲಿನ ಉಷ್ಣತೆಗೆ ತಣಿಸಿ ಮುಂದೆ ಒತ್ತಿದರೆ ಎರಡಕ್ಕೂ 4 ಪಟ್ಟು: ಸಮಪಾಲು, ಒಟ್ಟು ಕೆಲಸವೂ ಅತಿ ಕಡಿಮೆ. ಶಾಖ ಹೊರಹೋಗದಂತೆ ಒಂದೇ ಸಲಕ್ಕೆ 16 ಪಟ್ಟು ಒತ್ತಿದರೆ 27 ಡಿಗ್ರಿಯ ಗಾಳಿ ಸುಮಾರು 390 ಡಿಗ್ರಿಗೆ ಏರುತ್ತದೆ. ಎರಡು ಹಂತಗಳಲ್ಲಿ ಸುಮಾರು 173. ಕೆಲಸದಲ್ಲೂ ಐದರಲ್ಲಿ ಒಂದು ಪಾಲು ಉಳಿಯುತ್ತದೆ.

ಮುಂದೆ ಲಿಂಡೆ ದ್ರವಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿದರು. ನಮ್ಮ ನೆರೆಯ ಭದ್ರಾವತಿಯಲ್ಲಿ ಕಬ್ಬಿಣವನ್ನು ಉಕ್ಕಾಗಿಸಲು ಊದುತ್ತಿದ್ದುದು ಆಮ್ಲಜನಕವನ್ನೇ. 1934ರ ನವೆಂಬರ್ 16ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ.

ಮರುದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡು 4 ಎಂದು ಬರೆದೆ. ಮೂರು ಹಂತಗಳಿದ್ದರೆ ಏನು ಮಾಡುವುದೆಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಒಟ್ಟು 64 ಪಟ್ಟು ಎಂದುಕೊಂಡು ನೋಡು ಎಂದೆ. ನಡುವೆ ನಿಲ್ಲಬೇಕಾದದ್ದು 4ರಲ್ಲಿ, ಆಮೇಲೆ 16ರಲ್ಲಿ ಎಂದು ಅವಳೇ ಹೇಳಿದಳು.